ಧೂಳೊರೆಸಿದ ಬನ್ನಿ

ಶರದೃತು ಬಂದರೆ ನಮ್ಮ ಸಂಡೂರಿನಲ್ಲಿ ಎಲೆಗಳು ಕೆಂಪಾಗುತ್ತವೆ ಎಂದು ಒಮ್ಮೆ ಅತಿಥಿಯೊಬ್ಬರಿಗೆ ಹೇಳಿದೆ. ಅವರು ಸಂಭ್ರಮಪಟ್ಟು ಫೋಟೋ ತೆಗೆದುಕೊಂಡರು. ಅದು ಋತುವಿನ ಬಣ್ಣವಲ್ಲ, ಅದಿರು ಲಾರಿಗಳ ಧೂಳು ಎಂದು ಹೇಳಲು ಮನಸ್ಸಾಗಲಿಲ್ಲ. ಶರತ್ಕಾಲದ ತಿಳಿ ಆಕಾಶವನ್ನು ಹೊಗಳಿದ ಹಳೆಯ ಕವಿಗಳಾರೂ ಲಾರಿಯ ಹಿಂದೆ ನಡೆದವರಲ್ಲ, ಬಿಡಿ.

ನನಗೆ ನಡಿಗೆಯ ಚಟ ಹತ್ತಿಸಿದವಳು ಅಕ್ಕ. ಪಕ್ಕದ ಓಣಿಯಲ್ಲೇ ಅವಳ ಮನೆ. ಬೆಳಗಾದರೆ ಗಂಡನನ್ನೂ ನನ್ನನ್ನೂ ಎಬ್ಬಿಸಿಕೊಂಡು ಕೆರೆಯತ್ತ ಹೊರಡುವಳು. ಹಕ್ಕಿಗಳ ಹೆಸರು ಅವಳಿಗೂ ಅಷ್ಟಕ್ಕಷ್ಟೆ, ಸ್ವಭಾವ ಮಾತ್ರ ಚೆನ್ನಾಗಿ ಗೊತ್ತಿತ್ತು. ಕಾಜಾಣ ಜಗಳಗಂಟ. ಬೆಳ್ಳಕ್ಕಿ ಬಡಿಸುವ ತನಕ ಕಣ್ಣು ಮುಚ್ಚಿ ಕೂತ ಹಿರಿಯ. ದಸರೆಯ ಹೊತ್ತಿಗೆ ಎಲ್ಲಿಂದಲೋ ಬಂದು ಕೆರೆಯ ಅಂಚಿನಲ್ಲಿ ಬಾಲ ಕುಣಿಸುವ ಸಿಪಿಲೆಗಳು ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬನ್ನಿ ಕೊಡುವ ದಿನ ಅವಳು ಎಲೆ ಕಿತ್ತವಳೇ ಸೆರಗಿನಿಂದ ಒರೆಸಿ, ಹಸಿರು ಕಂಡ ಮೇಲೆಯೇ ನಮ್ಮ ಕೈಗಿಡುತ್ತಿದ್ದಳು. "ಬಂಗಾರದಂಗ ಇರೋಣ ಅಂತ ಕೊಡೋದು, ಅದಿರಿನಂಗಲ್ಲ" ಎನ್ನುವಳು.

ಈ ಶ್ರಾವಣದಲ್ಲಿ ಅಕ್ಕ ಹೋಗಿಬಿಟ್ಟಳು. ಸಾವಾದ ಮನೆಗೆ ವರ್ಷದ ತನಕ ಹಬ್ಬವಿಲ್ಲ. ಬನ್ನಿ ಕೊಡಲು ಯಾರೂ ಹೋಗುವುದಿಲ್ಲ. ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವರು, ಬನ್ನಿಯ ದಿನ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು. ಊರೆಲ್ಲ ಬನ್ನಿ ಹಿಡಿದು ಓಡಾಡುವಾಗ ಅವರನ್ನು ಹಾಗೆ ಬಿಟ್ಟಿರುವುದು ನನ್ನಿಂದಾಗಲಿಲ್ಲ. ಒತ್ತಾಯ ಮಾಡಿ ಕೆರೆಗೆ ಕರೆದೊಯ್ದೆ. ಅವಳಿಲ್ಲದೆ ನಾವಿಬ್ಬರೂ, ಪರಿಚಯ ಮಾಡಿಸುವವರಿಲ್ಲದ ಬೀಗರಂತೆ ಹಕ್ಕಿಗಳ ಮುಂದೆ ನಿಂತೆವು. ಸಿಪಿಲೆಗಳು ಬಂದಿದ್ದವು. ಮಾವ ನೋಡಿ ಮುಖ ತಿರುಗಿಸಿಕೊಂಡರು. ನನಗೂ ಅಳು ಬಂತು.

ವಾಪಸು ಬರುವ ಹಾದಿಯಲ್ಲೇ ಬನ್ನಿ ಗಿಡ. ಒಂದು ಸಣ್ಣ ಕಡ್ಡಿ ಮುರಿದು ಅಂಗಿಯ ಚುಂಗಿನಿಂದ ಎಲೆ ಒರೆಸತೊಡಗಿದೆ.

"ಬ್ಯಾಡಪ್ಪ, ಈ ವರ್ಷ ನಮಗ ಹಬ್ಬ ಇಲ್ಲ" ಎಂದರು ಮಾವ.

"ಬನ್ನಿ ಕೊಡಾಕತ್ತಿಲ್ರಿ ಮಾವ, ಇದು ಬರೇ ಎಲಿ. ಧೂಳು ಹೋಗೈತೇನು ನೋಡ್ರಿ."

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನಿಮ್ಮಕ್ಕನಂಗ ನಿನಗ ಒರಸಾಕ ಬರಂಗಿಲ್ಲ, ಬಿಡು."

ಹೆಗಲ ಮೇಲಿನ ಟವೆಲಿನಿಂದ ತಾವೇ ಒರೆಸುತ್ತ ನಡೆದರು. ಮನೆ ಬಂದರೂ ಒರೆಸುವುದು ಮುಗಿದಿರಲಿಲ್ಲ. ಎಲೆ ಆಗಲೇ ಹಸಿರಾಗಿತ್ತು. ನಾನು ಹೇಳಲಿಲ್ಲ.