ಕಾವಲಿನ ಕಡೆ ತಿರುಗಿದ ಗಾಡಿ

ರಾಗಿ ಒಕ್ಕಣೆಯ ದೂಳಿಗೆ ಅಪ್ಪನಿಗೆ ಸೀನು ನಿಲ್ಲುತ್ತಿರಲಿಲ್ಲ. ಕಡೂರಿನ ಡಾಕ್ಟರು ಅಲರ್ಜಿ ಮಾತ್ರೆ ಕೊಟ್ಟು, "ಇದು ನಿದ್ದೆ ಬರಿಸುತ್ತೆ, ನುಂಗಿದ ಮೇಲೆ ಗಾಡಿ ಹೊಡೀಬೇಡಿ" ಅಂದಿದ್ದರು.

"ದಾರಿ ನೋಡೋದು ಎತ್ತು ಕಣ್ರೀ, ನಾನಲ್ಲ" ಎಂದು ಅಪ್ಪ ನಕ್ಕರು. ಕಾಲೇಜಿನ ಚರ್ಚೆಗಳಲ್ಲಿ ಎದುರಾಳಿಯ ಲೋಪ ಹುಡುಕುತ್ತಿದ್ದ ನನಗೂ ಆ ವಾದದಲ್ಲಿ ಲೋಪ ಕಾಣಲಿಲ್ಲ.

ಶಿಕ್ಷಕಿ ತರಬೇತಿಯ ಸಂದರ್ಶನಕ್ಕೆ ಶಿವಮೊಗ್ಗಕ್ಕೆ ಹೋಗಬೇಕಿದ್ದ ಅಕ್ಕ ಸಖರಾಯಪಟ್ಟಣದ ಅಜ್ಜಿಯ ಮನೆಯಲ್ಲಿ ಕಾಯುತ್ತಿದ್ದಳು. ಅವಳನ್ನು ಕಡೂರಿನ ರೈಲಿಗೆ ಮುಟ್ಟಿಸಲೆಂದು ಅಪ್ಪ ಮಾತ್ರೆ ನುಂಗಿಯೇ ಗಾಡಿ ಕಟ್ಟಿದರು, ಹಾದಿಯಲ್ಲಿ ನಿದ್ದೆಹೋದರು. ಎತ್ತುಗಳು ದಾರಿ ನೋಡಿದವು ನಿಜ, ಆದರೆ ತಾವು ದಿನಾ ಮೇಯುವ ಎಮ್ಮೆದೊಡ್ಡಿ ಕಾವಲಿನ ದಾರಿ. ಅಪ್ಪ ಕಣ್ಣು ಬಿಟ್ಟಾಗ ರೈಲು ಹೊರಟುಹೋಗಿತ್ತು.

ಅಕ್ಕನಿಗೆ ಮತ್ತೆ ಕರೆ ಬರಲಿಲ್ಲ. ಆಮೇಲೆ ಅಪ್ಪ ಮಲಗುವಾಗ ಮಾತ್ರ ಮಾತ್ರೆ ನುಂಗುತ್ತಿದ್ದರು. ನೀರಿನ ಚೊಂಬು ಹಿಡಿದು ನಿಲ್ಲುತ್ತಿದ್ದವಳು ಅಕ್ಕ.