ಹೆರಿಗೆ ಚೀಲದಲ್ಲಿ ಬಂದ ಮಾತ್ರೆ

ಪಾತ್ರೆ ಬೆಳಗುತ್ತಿದ್ದೆ. ಕೆಮ್ಮು ಬಂತು. ಬೂದಿಯ ಮೇಲೆ ಉಗಿದದ್ದು ಕೆಂಪಾಗಿತ್ತು.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಟಿ.ಬಿ. ಹೆದರಬೇಡಿ, ಮದ್ದುಂಟು. ಆದ್ರೆ ವರ್ಷಕ್ಕಿಂತ ಹೆಚ್ಚು ನುಂಗಬೇಕು."

ವರ್ಷ!

ನಮಗೆ ಆಸ್ಪತ್ರೆ ಎಂದರೆ ಜ್ವರ ಬಿಡುವವರೆಗೆ, ಗಾಯ ಒಣಗುವವರೆಗೆ. ಈಗ ಮಾತ್ರೆಗಾಗಿ ವಾರ ವಾರ ನಮ್ಮ ಊರು ಕಲ್ಲುಗುಂಡಿಯಿಂದ ಪುತ್ತೂರಿಗೆ ಬಸ್ಸು ಹತ್ತಬೇಕು. ಆಷಾಢದಲ್ಲಿ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು, ಮದ್ದು ತಪ್ಪಿತು, ಕೆಂಪು ಮತ್ತೆ ಬಂತು. ಆಮೇಲೆ ಡಾಕ್ಟರೇ ದಾರಿ ಹುಡುಕಿದರು. ನಮ್ಮ ಕಡೆಗೆ ಹೆರಿಗೆಗೆ ಬರುವ ಮಿಡ್‌ವೈಫ್ ತಮ್ಮ ಚೀಲದಲ್ಲಿ ನನ್ನ ಮಾತ್ರೆಯನ್ನೂ ತರತೊಡಗಿದರು.

ನನ್ನ ಗಂಡ ಲಾರಿ ಓಡಿಸುವವರು, ಮನೆಯಲ್ಲಿರುವುದೇ ಅಪರೂಪ. ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಕಾಯಿಲೆಯ ಸುದ್ದಿ ಹರಡಿದ ಮೇಲೆ ನನ್ನಲ್ಲಿಗೆ ಬಂದವರು ಅಂಗಳದಲ್ಲೇ ನಿಂತು, "ಈಗಷ್ಟೇ ಕುಡಿದದ್ದು ಮಾರಾಯ್ತಿ" ಎನ್ನುತ್ತಿದ್ದರು. ಬರಬರುತ್ತಾ ಅಂಗಳಕ್ಕೂ ಬರಲಿಲ್ಲ. ಬೆಲ್ಲದ ಡಬ್ಬಿಗೆ ಇರುವೆಗಳೇ ನೆಂಟರು. ಮಾತಾಡಲು ಜನವಿಲ್ಲದೆ ನಾನು ಒಲೆಗೆ ಬೈಯುತ್ತಿದ್ದೆ. ಕಾಯಿಲೆಗಿಂತ ಅದೇ ನನ್ನನ್ನು ಹೆಚ್ಚು ತಿಂದದ್ದು.

ಒಂದು ದಿನ ಪಕ್ಕದ ಮನೆಯ ಗಿರಿಜಕ್ಕ ಉಪ್ಪಿನಕಾಯಿ ಭರಣಿ ಹಿಡಿದು ನೇರ ಒಳಗೇ ಬಂದು ಕೂತರು.

"ಎಂತ ಲಲಿತಾ, ನಮ್ಮಿಂದಲೂ ಗುಟ್ಟಾ? ಮಿಡ್‌ವೈಫ್ ಬಂದು ಹೋಗುದು ನೋಡಿದೆ. ಎಷ್ಟು ತಿಂಗಳು?"

ಅಯ್ಯೋ ದೇವರೇ! ಕಾಯಿಲೆ ಹೋಗಿ ನಾನು ಬಸುರಾಗಿದ್ದೇನೆ ಎಂದು ಅವರ ಲೆಕ್ಕ. ಕೈ ತಾನಾಗಿ ಬೆಲ್ಲ, ನೀರು ಇಟ್ಟಿತು. ಅವರು ಬೆಲ್ಲ ಎತ್ತಿಕೊಂಡರು. 'ಮೂರು' ಎಂಬ ಸುಳ್ಳು ನಾಲಗೆಯ ತುದಿಗೆ ಬಂತು. ಹೇಳಿದ್ದರೆ ಕೆಲವು ದಿನವಾದರೂ ಮನೆಗೆ ಜನ ಬರುತ್ತಿದ್ದರು.

"ಬಸುರಲ್ಲ ಗಿರಿಜಕ್ಕ. ಅವರು ತರುದು ಟಿ.ಬಿ. ಮಾತ್ರೆ. ಕಫದಲ್ಲಿ ಈಗ ಎಂತದೂ ಇಲ್ಲ ಅಂತೆ. ಆದ್ರೂ ನುಂಗಲಿಕ್ಕೆ ಉಂಟು."

ಬೆಲ್ಲ ಅವರ ಕೈಯಲ್ಲೇ ಉಳಿಯಿತು.

"ಉಪ್ಪಿನಕಾಯಿ ಹಿಂದೆ ಕೊಂಡೋಗಿ" ಎಂದೆ. ಸಿಟ್ಟಿನಿಂದಲ್ಲ, ಅಳು ಬಂದಿತ್ತು.

"ಸುಮ್ಮನಿರು. ಮಾತ್ರೆ ತಿಂದು ಬಾಯಿ ಕೆಟ್ಟಿರುದಿಲ್ವಾ? ಗಂಜಿಗೆ ನಂಚಿಕೊ."

ಬೆಲ್ಲ ಬಾಯಿಗೆ ಹಾಕಿಕೊಂಡರು. ತಂಬಿಗೆ ಎತ್ತಿ ನೀರು ಕುಡಿದರು. ಸ್ವಲ್ಪ ಹೆದರಿಯೇ ಕುಡಿದರು, ನನಗೆ ಕಂಡಿತು. ಆದರೂ ಕುಡಿದರು.

ಮಾತ್ರೆ ಇನ್ನೂ ಮುಗಿದಿಲ್ಲ. ಉಪ್ಪಿನಕಾಯಿ ಮುಗಿದಿದೆ. ಭರಣಿ ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ. ನಾನಾಗಿ ಕೊಂಡುಹೋಗಿ ಕೊಡುವುದಿಲ್ಲ. ಅದಕ್ಕಾದರೂ ಅವರು ಬರಲಿ.