ಮೂಡಣ ಗುಡ್ಡದ ಕಡೆಗಿನ ಕಮಾನು

ಕ್ಲಾರಿ ಟ್ರೆಜೆಂಜ ಬಡಗಿ. ವಿಕ್ಟೋರಿಯಾದ ಬೆಟ್ಟಗಳ ಬುಡದಲ್ಲಿದ್ದ ಅವನ ಊರಿನಲ್ಲಿ ಪ್ರತಿ ಮಾರ್ಚಿಗೂ ನೂರು ಕಿಲೋಮೀಟರಿನ ಬೆಟ್ಟದ ಓಟ. ಅದು ಮುಗಿಯುವ ಜಾಗವನ್ನು ಮೈದಾನದಲ್ಲಿ ಕಟ್ಟುವುದು ಕ್ಲಾರಿಯ ಪಾಲಿನ ಕೆಲಸ. ಓಡಿ ಬರುವವರ ಕಡೆಗೆ ಅಗಲವಾಗಿ ಬಾಯಿ ತೆರೆದ ಬೇಲಿ, ಅದರ ಕೊನೆಗೆ ನೀಲಗಿರಿ ಜಾತಿಯ ಗಮ್ ಮರದ ಕಮಾನು, ಕಮಾನು ದಾಟಿದರೆ ಎತ್ತರದೊಂದು ಬೆಂಚು. ಕಾಲು ಸೋತವರು ತಗ್ಗಿನಲ್ಲಿ ಕೂತರೆ ಏಳಲಾರರು ಎಂದು ಅವನಿಗೆ ಹೇಳಿಕೊಟ್ಟವಳು ಹೆಂಡತಿ ಮೆರ್ಲ್. ಅವಳು ಅವನಿಗಿಂತ ಗೇಣು ಎತ್ತರ. ಬೆಂಚು ಅವಳ ಮೊಣಕಾಲಿನ ಅಳತೆಯದು.

ಮೆರ್ಲ್ ಪ್ರತಿ ವರ್ಷ ಓಡುತ್ತಿದ್ದಳು. ಮೂಡಣ ಗುಡ್ಡ ಇಳಿದು ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು. "ನಿನ್ನ ಕೈಯಡುಗೆ ತಿನ್ನೋಕೆ ಯಾರು ತಾನೇ ಓಡಿ ಬರ್ತಾರೆ, ಕ್ಲಾರಿ?" ಎಂದು ಊರವರು ಕಾಲೆಳೆಯುತ್ತಿದ್ದರು. ಕಳೆದ ಚಳಿಗಾಲದಲ್ಲಿ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ.

ಈ ಸಲ ಮೂಡಣ ಗುಡ್ಡದಲ್ಲಿ ಮಣ್ಣು ಕುಸಿದು ದಾರಿ ಮುಚ್ಚಿತ್ತು. ಓಟಗಾರರು ಪಡುವಣದ ಹೊಳೆಯ ಕಡೆಯಿಂದ ಬರಬೇಕೆಂದು ಸಭೆಯಲ್ಲಿ ತೀರ್ಮಾನವಾದಾಗ ಕ್ಲಾರಿಯೂ ತಲೆಯಾಡಿಸಿದ್ದ. ಆದರೆ ಕಟ್ಟಿ ಮುಗಿಸಿದಾಗ ಬೇಲಿಯ ಬಾಯಿ ಇದ್ದದ್ದು ಮೂಡಣಕ್ಕೇ. ಸಾಸೇಜ್ ಸುಡುವ ಒಲೆ ಹೂಡುತ್ತಿದ್ದವರು ಕಂಡೂ ಕಾಣದಂತಿದ್ದರು. ಓಟದ ಉಸ್ತುವಾರಿ ಹೊತ್ತ ಲೋರ್ನಾ ಬಂದು ಬೇಲಿಯ ಬಾಯಿಯನ್ನೊಮ್ಮೆ, ಹೊಳೆಯ ಕಡೆಗೊಮ್ಮೆ ನೋಡಿದಳು. ಅವಳ ಮುಖ ನೋಡಿದ ಮೇಲೆಯೇ ಕ್ಲಾರಿಗೆ ತಪ್ಪು ಹೊಳೆದದ್ದು. ಕಿತ್ತು ತಿರುಗಿಸುತ್ತೇನೆಂದು ಕೊಡತಿ ಎತ್ತಿಕೊಂಡ. ಕೈ ಮುಂದೆ ಹೋಗಲಿಲ್ಲ.

"ಇರಲಿ ಬಿಡು ಮಾರಾಯ," ಎಂದಳು ಲೋರ್ನಾ. "ಮೈದಾನ ಸುತ್ತಿಸಿ ಈ ಕಡೆಯಿಂದಲೇ ತರೋಣ. ಬೈತಾರೆ, ಬೈಲಿ."

ಮರುದಿನ ಓಟಗಾರರು ಬೈದುಕೊಂಡೇ ಮೈದಾನ ಸುತ್ತಿದರು. ಸಂಜೆಗೆ ಕಟ್ಟಕಡೆಯವನೂ ಬಂದ, ದಾರಿಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಿಕೊಳ್ಳುತ್ತ ಅವನ ಹಿಂದೆ ಲೋರ್ನಾಳೂ ಬಂದಳು. ಹಿಂದೆ ಯಾರಾದರೂ ಇದ್ದಾರಾ ಎಂದು ಕ್ಲಾರಿ ಕೇಳಬೇಕು, ಯಾರೂ ಇಲ್ಲ ಎಂದ ಮೇಲೆಯೇ ಕಮಾನಿನ ಮೊದಲ ಬೆಣೆ ಬಿಚ್ಚಬೇಕು. ಅದು ಅಲ್ಲಿನ ಪದ್ಧತಿ.

ಕ್ಲಾರಿ ಕೇಳಲಿಲ್ಲ. ಜನ ಚಹಾದ ಲೋಟ ಹಿಡಿದು ಕಾದರು.

ಕೊನೆಗೆ ಅವನು ಗುಡ್ಡದ ಕಡೆ ನೋಡುತ್ತಲೇ ಕೇಳಿದ. "ಹಿಂದೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ, ಕ್ಲಾರಿ."

ಅವನು ಬೆಣೆಗೆ ಒಂದೇ ಪೆಟ್ಟು ಹಾಕಿದ. ಉಳಿದದ್ದನ್ನು ಬೇರೆಯವರು ಬಿಚ್ಚತೊಡಗಿದಾಗ ಹೋಗಿ ಬೆಂಚಿನ ಮೇಲೆ ಕೂತ. ಅವನ ಕಾಲು ನೆಲಕ್ಕೆ ತಾಗಲಿಲ್ಲ.